ಹದಿನಾರನೆಯ ದಿನ

ಹಸುವಿನ ಹೊಟ್ಟೆಯೊಳಗೆ ಏನು ನಡೆಯುತ್ತದೆಂದು ಡಾಕ್ಟರಷ್ಟು ಬಲ್ಲವರು ಆ ಪಶು ಸಂಶೋಧನಾ ಕೇಂದ್ರದಲ್ಲಿ ಇನ್ನೊಬ್ಬರಿರಲಿಲ್ಲ. ಮನೆಯವರ ಮನಸ್ಸಿನೊಳಗೆ ಏನು ನಡೆಯುತ್ತದೆಂಬುದರಲ್ಲಿ ಮಾತ್ರ ಅವರದು ದೊಡ್ಡ ಸೊನ್ನೆ. ಇಪ್ಪತ್ತೊಂಬತ್ತು ವರ್ಷ ಒಂದೇ ಪ್ರಶ್ನೆಯ ಬೆನ್ನು ಹತ್ತಿದ್ದರು: ಕಟ್ಟಿದ ಗಬ್ಬ ಯಾಕೆ ನಿಲ್ಲುವುದಿಲ್ಲ? ಬೆನ್ನ ಹಿಂದೆ ಎಲ್ಲರೂ ಅವರನ್ನು 'ಹದಿನಾರರ ಡಾಕ್ಟರು' ಅನ್ನುತ್ತಿದ್ದರು.

ಅದಕ್ಕೆ ಕಾರಣವಿತ್ತು. ಹೊಸದಾಗಿ ಬಂದ ಪ್ರತಿ ವಿದ್ಯಾರ್ಥಿಗೂ ಅವರು ಒಂದೇ ಪಾಠ ಹೇಳುತ್ತಿದ್ದರು. ಹದಿನಾರನೆಯ ದಿನದ ಹೊತ್ತಿಗೆ ನೂಲಿನೆಳೆಯಂಥ ಭ್ರೂಣ ತಾಯಿಗೆ 'ನಾನಿದ್ದೇನೆ' ಎಂದು ಸುದ್ದಿ ಕಳಿಸಬೇಕು. ಮುಟ್ಟಿತೋ, ತಾಯಿಯ ಮೈ ಅದನ್ನು ಇಟ್ಟುಕೊಳ್ಳುತ್ತದೆ. ಇಲ್ಲವೋ, ಒಳಗೆ ಯಾರೂ ಇಲ್ಲವೆಂದುಕೊಂಡು ಮತ್ತೆ ಬೆದೆಗೆ ಬರುತ್ತದೆ. ಭ್ರೂಣ ಗಟ್ಟಿಯಾಗಿಯೇ ಇರಬಹುದು, ಆದರೆ ತಡವಾಗಿ ಹೇಳಿದರೆ ಕೇಳುವವರಿಲ್ಲ. ಅವರ ಒಬ್ಬಳೇ ಮಗಳು ಕೊಟ್ಟಿಗೆಯ ಹಿಂಡಿ ಚೀಲದ ಮೇಲೆ ಕೂತು ಇದನ್ನು ಕೇಳಿಯೇ ಬೆಳೆದವಳು. ಹದಿನಾರರ ಮಗ್ಗಿಗಿಂತ ಮೊದಲು ಅವಳಿಗೆ ಈ ಪಾಠ ಬಾಯಿಪಾಠವಾಗಿತ್ತು.

ಮಗಳು ಮದುವೆಯಾಗಿ ಅದೇ ಊರಿನಲ್ಲಿ, ನಾಲ್ಕು ಬಸ್ ನಿಲ್ದಾಣಗಳಾಚೆ ಇದ್ದಳು. ಆರು ವರ್ಷ ಕಾದ ಮೇಲೆ ಬಸುರಿಯಾಗಿದ್ದಳು. ಮೂರನೆಯ ತಿಂಗಳಲ್ಲಿ ಒಂದು ಮಧ್ಯಾಹ್ನ ಅವಳ ಫೋನು ಬಂದಾಗ ಡಾಕ್ಟರು ಕೊಟ್ಟಿಗೆಯಲ್ಲಿ ಹಸುಗಳ ಗಬ್ಬ ನೋಡುತ್ತಿದ್ದರು. ಎಡಗೈ ಭುಜದವರೆಗೂ ಪ್ಲಾಸ್ಟಿಕ್ ಗವಸಿನಲ್ಲಿ, ಹಸುವಿನೊಳಗಿತ್ತು. ಪಕ್ಕದಲ್ಲಿ ಹಸುವಿನ ಕಿವಿಯ ಬಿಲ್ಲೆಯ ನಂಬರ್ ನೋಡಿ ರಿಜಿಸ್ಟರ್ ಬರೆಯುತ್ತಿದ್ದ ಕೊಟ್ಟಿಗೆಯಾಳು ಫೋನನ್ನು ಅವರ ಕಿವಿಗೆ ಹಿಡಿದ.

"ಅಪ್ಪ, ಸ್ಕ್ಯಾನ್ ಮಾಡಿಸ್ದೆ. ಮಗು..." ಎಂದು ಬಿಕ್ಕಿದಳು.

ಅವರ ಎದೆ ಧಸಕ್ಕೆಂದಿತು. ಆದರೆ ಇಪ್ಪತ್ತೊಂಬತ್ತು ವರ್ಷ ಗಬ್ಬ ನಿಲ್ಲದ ಹಸುಗಳ ಬಗ್ಗೆ ದಿನಕ್ಕೆ ನಲವತ್ತು ಸಲ ಒಂದೇ ಪದ ಆಡಿದ ನಾಲಗೆ ಎದೆಯನ್ನು ಕೇಳಿಕೊಂಡು ಹೊರಳುತ್ತದೆಯೇ?

"ಖಾಲಿನಾ?" ಎಂದರು. "ಇರ್ಲಿ ಬಿಡು, ಮುಂದಿನ ಸಲ ನಿಲ್ಲುತ್ತೆ."

ಮಗಳು ಮೆಲ್ಲಗೆ ಕೇಳಿದಳು. "ಅಪ್ಪ, ನನ್ನ ಕಿವಿಗೆ ಯಾವ ನಂಬರ್ ಹಾಕಿದ್ದೀಯಾ?"

ಫೋನು ಕಟ್ಟಾಯಿತು. ಡಾಕ್ಟರು ಹೇಳಿದ್ದು ಹಸುವಿನ ವಿಷಯವೆಂದುಕೊಂಡ ಕೊಟ್ಟಿಗೆಯಾಳು ರಿಜಿಸ್ಟರಿನಲ್ಲಿ 'ಖಾಲಿ' ಎಂದು ಬರೆದ. ಆ ಹಸು ಎರಡೂವರೆ ತಿಂಗಳ ಗಬ್ಬ. ತಪ್ಪು ಸಂಜೆ ಡಾಕ್ಟರ ಕಣ್ಣಿಗೆ ಬಿತ್ತು. ಕೆಂಪು ಶಾಯಿಯಲ್ಲಿ ಹೊಡೆದು, ಪಕ್ಕದಲ್ಲಿ ಸಹಿ ಹಾಕಿ ತಿದ್ದಿದರು. ಅಂಥದ್ದರಲ್ಲಿ ಅವರು ಬಲು ಚುರುಕು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಡದೆ ಉಳಿದ ಮಾತಿನಿಂದ ಎಷ್ಟು ಹೋಗುತ್ತದೆಂದು ಯಾರೂ ಹೇಳಿಲ್ಲ. ಹೆಂಡತಿ ಹತ್ತು ದಿನ ಮಗಳ ಮನೆಯಲ್ಲಿದ್ದು ಬಂದು, ಒಂದು ಸಲ ಹೋಗಿ ಬನ್ನಿ, ಅವಳು ಬಾಗಿಲ ಕಡೆಯೇ ನೋಡುತ್ತಿರುತ್ತಾಳೆ ಎಂದಳು. ಹೋಗುತ್ತೇನೆಂದರು. ನಲವತ್ತು ಹಸುಗಳ ಪ್ರಯೋಗ ನಡೆದಿತ್ತು, ಅವುಗಳ ರಕ್ತದ ಮಾದರಿ ಹೊತ್ತಿಗೆ ಸರಿಯಾಗಿ ತೆಗೆಯಬೇಕಿತ್ತು. ಒಂದು ವಾರ ನೆಗಡಿ. ನಿಜ ಹೇಳಬೇಕೆಂದರೆ ಹೆದರಿಕೆ. ಮಗಳ ಮುಖ ನೋಡಿ ಏನು ಹೇಳುವುದೆಂದು ಆ ಪಂಡಿತರಿಗೆ ತಿಳಿಯಲಿಲ್ಲ. ಪ್ರತಿ ಭಾನುವಾರ ತಪ್ಪದೆ ಹೋಗುತ್ತಿದ್ದ ಮನೆಗೆ ಏಳು ವಾರ ಹೋಗಲಿಲ್ಲ.

ಎಂಟನೆಯ ಭಾನುವಾರ ಹೊರಟರು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡರು. ಬಾಗಿಲು ತೆರೆದ ಮಗಳು ಸೊರಗಿಹೋಗಿದ್ದಳು. ಹೊಸಿಲಲ್ಲೇ ನಿಂತು ಎಲ್ಲವನ್ನೂ ಹೇಳಿಬಿಟ್ಟರು.

"ತಪ್ಪಾಯ್ತು ಮಗಳೇ. ಆ ಪದ ನನ್ನ ಬಾಯಲ್ಲಿ ಬರಬಾರದಿತ್ತು. ನಾನೂ ಆ ಮಗುವಿಗೆ ಕಾಯ್ತಾ ಇದ್ದೆ."

ಅವಳು ಕೋಪಿಸಿಕೊಳ್ಳಲಿಲ್ಲ. ಕೋಪಿಸಿಕೊಂಡಿದ್ದರೆ ಅವರು ಬದುಕಿಕೊಳ್ಳುತ್ತಿದ್ದರು.

"ಪದಕ್ಕೆ ಬೇಜಾರಾಗಿದ್ದು ಒಂದು ದಿನ ಅಷ್ಟೇ," ಎಂದಳು. "ನಿಮ್ಮ ಕೆಲಸದ ಪದ ನಂಗೊತ್ತಿಲ್ವಾ? ಸಂಜೆಗೆ ಬರ್ತೀರಿ ಅಂದ್ಕೊಂಡೆ. ಬರ್ಲಿಲ್ಲ. ಹದಿನಾರು ದಿನ ಕಾದೆ, ಅಪ್ಪ."

ಅವಳು ಚಪ್ಪಲಿ ಬದಿಗೆ ಸರಿಸಿ ದಾರಿ ಬಿಟ್ಟಳು.

"ಬನ್ನಿ, ಕೂತ್ಕೊಳ್ಳಿ. ಕಾಫಿ ತಗೋತೀರಾ?"

ಮಾತು ಕಲಿತ ದಿನದಿಂದ ಅವಳು ಅಪ್ಪನನ್ನು 'ನೀನು' ಎಂದೇ ಕರೆದವಳು. ತೊಗೊಳ್ತೇನೆ ಎಂದು ಅವರು ಕುರ್ಚಿಯ ತುದಿಯಲ್ಲಿ, ಹೊರಗಿನವರು ಕೂರುವ ಹಾಗೆ ಕೂತರು.