ನೆಟ್ಟಗೆ ನಿಂತ ಫಲಕಗಳು

ನನ್ನ ಹೆಂಡತಿ ರೌನಿ ಮಹಾ ಹಟಮಾರಿ. ಸಭಾಭವನದ ಛಾವಣಿಗೆ ಸೋಲಾರ್ ಫಲಕ ಹಾಕಿಸೋಣ ಎಂದು ಊರೆಲ್ಲ ಒಪ್ಪಿದರೆ, ಇವಳೊಬ್ಬಳದು ಬೇರೆ ರಾಗ. ಗೋಡೆಗೆ ನೆಟ್ಟಗೆ ನಿಲ್ಲಿಸಿದರೆ ಹಿಮ ಕೂರುವುದಿಲ್ಲ, ನೆಲದ ಹಿಮದಿಂದ ಚಿಮ್ಮುವ ಬೆಳಕೂ ಸಿಗುತ್ತದೆ ಎಂದು ವಾದಿಸಿದಳು. ನಮ್ಮ ಲ್ಯಾಪ್‌ಲ್ಯಾಂಡಿನ ಈ ಹಳ್ಳಿಯಲ್ಲಿ ಇರುವವರಲ್ಲಿ ಹೆಚ್ಚಿನವರು ವಯಸ್ಸಾದವರು. ಛಾವಣಿ ಹತ್ತಿ ಹಿಮ ಗುಡಿಸಲು ಹೋಗಿ ಯಾರಾದರೂ ಬಿದ್ದಾರು ಎಂಬುದೇ ಅವಳ ಭಯ. ಯಾರೂ ನಂಬದಿದ್ದಾಗ ಪರೀಕ್ಷೆ ಮಾಡಿ ತೋರಿಸುತ್ತೇನೆ ಎಂದಳು.

ನಮ್ಮ ಹಿತ್ತಲಲ್ಲಿ ಫಲಕಗಳ ಎರಡು ಸಾಲು ಎದ್ದವು. ಒಂದು ಛಾವಣಿಯಂತೆ ಓರೆ, ಇನ್ನೊಂದು ನೆಟ್ಟಗೆ. ಯಾರೂ ಮುಟ್ಟಬಾರದು ಎಂಬುದೇ ನಿಯಮ. ಅದನ್ನು ನೆರೆಮನೆಗೆ ಹೋಗಿ ಹೇಳುವಷ್ಟು ಮಾತುಗಾರರು ನಾವಲ್ಲ.

ಮಾರ್ಚಿನ ಆ ವಾರ ದಿನಾ ಹಿಮ ಬಿತ್ತು, ದಿನಾ ಬಿಸಿಲೂ ಬಂತು. ಕೆಲಸ ಮುಗಿಸಿ ಬಂದು ಮೀಟರ್ ನೋಡಿದರೆ ಎರಡೂ ಸಾಲು ಸಮಸಮ. ಹಿಮದಡಿ ಹೂತಿರಬೇಕಾದ ಓರೆ ಫಲಕಗಳು ಲಕಲಕ ಹೊಳೆಯುತ್ತಿದ್ದವು. ಹಿಮ ತಾನಾಗಿ ಜಾರುವುದಾದರೆ ತನ್ನ ವಾದ ಮಣ್ಣುಪಾಲು ಎಂದು ರೌನಿ ಊಟವನ್ನೇ ಬಿಟ್ಟಳು. ಭಾನುವಾರ ಊರ ಸಭೆ.

ಶನಿವಾರ ಬೆಳಿಗ್ಗೆ ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದೆವು. ಪಕ್ಕದ ಮನೆಯ ಮುದುಕ ಅರ್ವೋ ಉದ್ದ ಪೊರಕೆ ಹಿಡಿದು ಬಂದ. ಓರೆ ಸಾಲನ್ನು ನೀಟಾಗಿ ಗುಡಿಸಿ, ಬಂದ ದಾರಿಯಲ್ಲೇ ಹೊರಟ. ಕೇಳದೆಯೇ ಪಕ್ಕದವರ ಹಿಮ ತೆಗೆಯುವುದು, ತೆಗೆದೆ ಎಂದು ಹೇಳದಿರುವುದು ಇಲ್ಲಿಯ ಮರ್ಯಾದೆ. ಆ ಮರ್ಯಾದೆಯ ಮೇಲೆ ನನಗೆ ಅಂದು ಕೆಟ್ಟ ಕೋಪ ಬಂತು. ಪರೀಕ್ಷೆಯೇ ಹಾಳಾಯಿತಲ್ಲ.

ರೌನಿ ಅವನನ್ನು ಕಾಫಿಗೆ ಕರೆದಳು. ಮೊದಲ ಲೋಟ ಮುಗಿದ ಮೇಲೆ ಇನ್ನೊಂದು ಸುರಿದಳು.

"ಮಾಮ, ದಿನಾ ಗುಡಿಸ್ತಿದ್ರಾ?" ಎಂದಳು ಕೊನೆಗೆ.

"ಹ್ಞೂಂ. ನೀವಿಬ್ರೂ ಕೆಲ್ಸಕ್ಕೆ ಹೋಗ್ತೀರಲ್ಲ, ಪಾಪ."

"ನೆಟ್ಟಗಿರೋವನ್ನೂ?"

ಅರ್ವೋ ಏಲಕ್ಕಿ ಬನ್ನನ್ನು ಕಾಫಿಯಲ್ಲಿ ಅದ್ದಿದ. "ಅದ್ರಲ್ಲಿ ಗುಡ್ಸೋಕೆ ಏನಿತ್ತು? ಒಂದಿನಾನೂ ಮುಟ್ಟಿಲ್ಲ."

ರೌನಿ ನನ್ನ ಮುಖ ನೋಡಿದಳು. ದಿನಾ ಗುಡಿಸಿಕೊಂಡ ಸಾಲಿಗೂ ಯಾರೂ ಮುಟ್ಟದ ಸಾಲಿಗೂ ಒಂದೇ ಕರೆಂಟು! ಪರೀಕ್ಷೆ ಹಾಳಾಗಿರಲಿಲ್ಲ, ಅವಳ ವಾದವೇ ಗೆದ್ದಿತ್ತು. ಅವಳು ನಗುತ್ತಲೇ ಕಣ್ಣೊರೆಸಿಕೊಂಡಳು. ಇನ್ನು ಗುಡಿಸಬೇಡಿ ಮಾಮ, ನಾಳೆ ಸಭೆಯಲ್ಲಿ ನೀವು ಇಷ್ಟೇ ಹೇಳಿ ಸಾಕು, ಭವನದ ಗೋಡೆಗೇ ಫಲಕ ಬರುತ್ತದೆ ಎಂದಳು.

ಅರ್ವೋ ಲೋಟ ಕೆಳಗಿಟ್ಟ.

"ಅಂದ್ರೆ ಹಿಮ ಗುಡ್ಸೋಕೆ ಛಾವಣಿ ಹತ್ತೋದೇ ಬೇಡ್ವಾ?" ಎಂದ. "ಯಾರೂ ಹತ್ತದಿದ್ರೆ ನಾನೇ ಹತ್ಬೇಕಲ್ಲ ಅಂತ, ಈ ಚಳಿಗಾಲ ಪೂರ್ತಿ ಸರಿಯಾಗಿ ನಿದ್ದೆ ಮಾಡಿಲ್ಲ ಕಣಮ್ಮ."