ಸೊನ್ನೆಯ ಕೆಳಗಿನಿಂದ

ದಾದಿ ರಜೆ ಹಾಕಿ ಊರಿಗೆ ಹೋಗಿದ್ದಳು. ಹಲ್ಲು ಬರುತ್ತಿದ್ದ ಮಗು ರಾತ್ರಿಯಿಡೀ ಹೆಗಲಿಳಿಯಲಿಲ್ಲ. ಹಾಗಾಗಿ ಅತ್ತೆ, ಮಗು ಸಮೇತ ಕ್ಲಬ್ಬಿಗೆ ಬಂದಾಗ ವಿನಿಫ್ರೆಡ್ ಹ್ಯಾಲ್ಡನ್‌ಳ ಕಣ್ಣು ಕೆಂಪಗಿತ್ತು.

ಹೋದ ವರ್ಷದ್ದೂ ಸೇರಿ ವಿಂಬಲ್ಡನ್ ಟೆನಿಸ್ ಪಂದ್ಯಾವಳಿಯನ್ನು ಎರಡು ಸಲ ಗೆದ್ದವಳು ಅವಳು. ಆಗಿನ ನಿಯಮದಂತೆ, ಹಿಂದಿನ ವರ್ಷದ ಚಾಂಪಿಯನ್ ಉಳಿದವರೆಲ್ಲರ ಹೋರಾಟ ಮುಗಿಯುವವರೆಗೆ ಕಾದು, ಗೆದ್ದು ಬಂದವಳೊಡನೆ ಒಂದೇ ಪಂದ್ಯ ಆಡಿದರೆ ಸಾಕಿತ್ತು. ಆದರೆ ಹೆರಿಗೆಯಾದಂದಿನಿಂದ ಅವಳು ರ್‍ಯಾಕೆಟ್ ಮುಟ್ಟಿರಲಿಲ್ಲ. "ಜನರೆದುರು ಸೋಲೋದಕ್ಕಿಂತ ಬಿಟ್ಟುಕೊಡೋದೇ ಮರ್ಯಾದೆ" ಎಂದು ಅತ್ತೆ ದಿನವೂ ಹೇಳುತ್ತಿದ್ದರು. ಆಡುತ್ತಾಳೋ ಇಲ್ಲವೋ ಎಂದು ಸೋಮವಾರದೊಳಗೆ ತಿಳಿಸಬೇಕಿತ್ತು.

ಇವತ್ತಿನದು ಕ್ಲಬ್ಬಿನ ಹ್ಯಾಂಡಿಕ್ಯಾಪ್ ಪಂದ್ಯ. ಇದರಲ್ಲಿ ಗಟ್ಟಿ ಆಟಗಾರರು ಪ್ರತಿ ಗೇಮನ್ನೂ ಸೊನ್ನೆಗಿಂತ ಕೆಳಗಿನಿಂದ ಶುರುಮಾಡಬೇಕು. ಎಷ್ಟು ಕೆಳಗಿನಿಂದ ಎಂಬುದು ಕಾರ್ಯದರ್ಶಿ ಪೆಟಿಫರ್ ಅವರ ತೀರ್ಮಾನ.

"ಈ ಸಲ ನಿಮಗೆ ಏನೂ ಕಡಿತ ಹಾಕಿಲ್ಲ, ಮೇಡಂ. ಸಿಸಿಲಿ ಜೊತೆ ಸಮಸಮ ಆಡಿ."

"ಯಾಕ್ರೀ, ನನಗೇನು ಕಾಯಿಲೇನಾ?"

"ಹಾಗಲ್ಲ... ಮಗು, ಸಂಸಾರ..."

"ಮಗು ಹೆತ್ತಿದ್ದೀನಿ, ಕೈ ಮುರ್ಕೊಂಡಿಲ್ಲ. ಹೋದ ವರ್ಷದಷ್ಟೇ ಹಾಕಿ. ಮೂರು ಪಾಯಿಂಟ್ ಕೆಳಗೆ."

ಈ ವರ್ಷ ವಿಂಬಲ್ಡನ್ನಿನ ಕೊನೆಯ ದಿನದವರೆಗೂ ಬರುವ ಹುಡುಗಿ ಎಂದು ಎಲ್ಲರೂ ಬೆರಳು ತೋರಿಸುತ್ತಿದ್ದುದು ಈ ಸಿಸಿಲಿ ಬ್ರೆಂಟ್ ಕಡೆಗೇ. ಮೊದಲ ಸೆಟ್ಟಿನಲ್ಲಿ ವಿನಿಫ್ರೆಡ್‌ಳ ಚೆಂಡು ನೆಟ್ಟಿಗೇ ಬಡಿಯಿತು. ಉದ್ದ ಲಂಗ ಕಾಲಿಗೆ ಸುತ್ತಿಕೊಂಡಿತು. ಎರಡನೆಯದರಲ್ಲಿ ಕಾಲುಗಳು ತಾವಾಗಿಯೇ ಓಡತೊಡಗಿದವು. ಮೂಲೆಗೆ ಹೊಡೆದು, ಹುಡುಗಿಯನ್ನು ಆ ಕಡೆಗೆಳೆದು, ಮರುಹೊಡೆತವನ್ನು ಈ ಕಡೆ ನೂಕಿದಳು. ಪ್ರತಿ ಗೇಮಿನಲ್ಲೂ ಮೂರು ಪಾಯಿಂಟ್ ದುಡಿದು ಬರೀ ಸೊನ್ನೆಗೆ ಬಂದು, ಅಲ್ಲಿಂದ ಮತ್ತೆ ಹತ್ತಿದಳು. ಆದರೂ ಕೊನೆಗೆ ಕೂದಲೆಳೆಯ ಅಂತರದಲ್ಲಿ ಸೋತಳು.

"ನಾನು ಹೇಳಿರ್ಲಿಲ್ವಾ?" ಎಂದರು ಅತ್ತೆ, ನಿದ್ದೆಹೋದ ಮಗುವನ್ನು ಹೆಗಲಿಗೆ ಹಾಕಿಕೊಂಡು, ಟೀ ಕಪ್ಪಿನ ಹಿಂದಿನಿಂದ.

ಸಿಸಿಲಿ ಬಂದು ಕೈಕುಲುಕಿದಳು. "ಮಿಸೆಸ್ ಹ್ಯಾಲ್ಡನ್, ಈ ವರ್ಷ ನೀವು ಆಡಲ್ಲ ಅಂತ ಕೇಳಿದೆ. ನಿಜಾನಾ?" ದನಿಯಲ್ಲಿ ಆಸೆ ಅಡಗಲಿಲ್ಲ.

"ಬೆಳಿಗ್ಗೆವರೆಗೂ ನಿಜಾನೇ ಆಗಿತ್ತು." ವಿನಿಫ್ರೆಡ್ ಬೆವರು ಒರೆಸಿಕೊಂಡು ನಕ್ಕಳು. "ಆದ್ರೆ ವಿಂಬಲ್ಡನ್ನಿನಲ್ಲಿ ನಿನಗೆ ಯಾರೂ ಮೂರು ಪಾಯಿಂಟ್ ಕೊಡಲ್ಲಮ್ಮ."

ಹುಡುಗಿಯ ಮುಖ ಸಣ್ಣದಾಯಿತು. ಅವಳಿಗೂ ಲೆಕ್ಕ ಬರುತ್ತಿತ್ತು.

"ಪೆಟಿಫರ್ ಅವರೇ, ನಾನು ಆಡ್ತೀನಿ ಅಂತ ತಿಳಿಸಿಬಿಡಿ. ನಾಳೆಯಿಂದ ದಿನಾ ಬೆಳಿಗ್ಗೆ ನನಗೊಂದು ಕೋರ್ಟ್ ಬೇಕು."

"ದಿನಾನಾ?" ಅತ್ತೆ ಕಪ್ಪು ಕೆಳಗಿಟ್ಟರು. "ಮಗೂನ ಯಾರು ನೋಡ್ಕೊಳ್ತಾರೆ?"

"ನೀವೇ ಅತ್ತೆ. ನಿಮ್ಮ ಹೆಗಲ ಮೇಲಾದ್ರೆ ಬೇಗ ಮಲಗುತ್ತೆ."