ಎಡಗೋಡೆಯ ಕಂದು ಕಲೆ

ಚಿತ್ರದ ಎಡಗೋಡೆಯ ಮೇಲೆ ಅದೇನು ಕಲೆ, ಚಹಾ ಚೆಲ್ಲಿದನೋ ಏನೋ ಈ ನಂದೀಶ, ಹಾಳೆ ಸ್ಕ್ಯಾನ್ ಮಾಡುವಾಗ ಒಂದಿಷ್ಟು ನೋಡಬಾರದೆ — ಇಲ್ಲ, ಇವನು ಹಾಳೆಯ ಮೇಲೆ ಬರೆದಿದ್ದಾನೆಂದೇ ನಾನು ಇನ್ನೂ ನಂಬಿಲ್ಲ. ಕಾಲೇಜಿಗೆ ಕೊಡಬೇಕಾದ ಎರಡು ನಿಮಿಷದ ಅನಿಮೇಷನ್, ನೇಕಾರನ ಮನೆ, ಪಾತ್ರಗಳು ನನ್ನವು, ಹಿನ್ನೆಲೆ ಅವನದು. ಫೋಟೋ ತಗದು ಅದರ ಮ್ಯಾಲೆ ಬಣ್ಣ ಹಚ್ಚೂಣು ಅಂಕಿತಾ, ಹೆಂಗೂ ನೀ ಬೆಟಗೇರಿಯಾಕಿ, ನಿಮ್ಮನ್ಯಾಗ ಮಗ್ಗ ಇರಬೇಕಲ್ಲ ಅಂದಿದ್ದ, ನಮ್ಮನ್ಯಾಗ ಏನೂ ಇಲ್ಲ, ಬರಬ್ಯಾಡ ಅಂದೆ. ಕಂಪ್ಯೂಟರಿಗೆ ಹೇಳಿದರೆ ಒಂದು ಗಳಿಗೆಯಲ್ಲಿ ತಾನೇ ಚಿತ್ರ ಮಾಡಿಕೊಡುತ್ತದೆ, ಆದರೆ ಅದು ಗೊತ್ತಾದ್ರ ಇಬ್ರೂ ಫೇಲ್ ಅಂತ ಸರ್ ಮೊದಲೇ ಹೇಳಿದ್ದಾರೆ, ಹಾಗಾಗಿ ಕೈಯಿಂದಲೇ ಬರೆಯುವುದೆಂದಾಯಿತು. ನಾಲ್ಕಕ್ಕೆ ಫಾರಂ ಕೊಡಬೇಕು, ಎಲ್ಲವೂ ನಮ್ಮ ಕೈಯಿಂದಲೇ ಆದದ್ದು ಎಂಬ ಸಾಲಿನ ಕೆಳಗೆ ಅವನ ಸಹಿ ಆಗಿದೆ, ನನ್ನದು ಬಾಕಿ.

ಡಂಬಳದ ಹೊಲದಲ್ಲಿ ಬೆಳೆದವನಿಗೆ ನೇಕಾರ ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿ ಎಷ್ಟು ಆಳವೆಂದು ಹೇಗೆ ಗೊತ್ತು, ಕಾಲಿನಿಂದ ತುಳಿಯುವ ಎರಡು ಹಲಗೆ, ಲಾಳಿ ಇಡುವ ಗೋಡೆಯ ಮಾಡ, ಎಲ್ಲ ಸರಿಯಾಗಿದೆ, ಅದಕ್ಕೇ ನನಗೆ ಸಂಶಯ, ಕಂಪ್ಯೂಟರೇ ಬರೆದಿರಬೇಕೆಂದು. ಎಲ್ಲಿಂದ ತಂದಿ ಲೇ ಅಂದರೆ, ಬರದೀನಿ, ಅಷ್ಟ, ಅಂದು ಚಪ್ಪಲಿ ನೋಡಿಕೊಳ್ಳುತ್ತಾನೆ. ಮನೆಯಲ್ಲೂ ಇದೇ ಕಥೆ, ವಾರದಿಂದ ಅಪ್ಪ ಬಟ್ಟೆ ಅಂಗಡಿಯ ಕೆಲಸ ಮುಗಿಸಿ ತಡವಾಗಿ ಬರುತ್ತಾನೆ, ಉಗುರ ಸಂದಿಯಲ್ಲಿ ಕಂದು ಬಣ್ಣ, ಏನ್ರೀ ಇದು ಅಂತ ಅವ್ವ ಕೇಳಿದರೆ ಅಂಗಡಿ ಬಾಗಲಕ್ಕ ಬಣ್ಣ ಹೊಡದ್ವಿ ಅಂದ, ಹೋಗಿ ನೋಡಿ ಬಂದೆ, ಬಾಗಿಲು ತುಕ್ಕು ಹಿಡಿದದ್ದು ಹಿಡಿದ ಹಾಗೇ ಇದೆ. ಎಲ್ಲರೂ ನನ್ನ ಕಿವಿಗೆ ಹೂವಿಡುವವರೇ.

ಎರಡನೆಯ ಚಿತ್ರದಲ್ಲೂ ಅದೇ ಕಲೆ, ಮೂರನೆಯದರಲ್ಲೂ, ಕುಣಿಯ ಪಕ್ಕ, ನೆಲದಿಂದ ಮೊಳದೆತ್ತರ, ಚಹಾ ಮೂರು ಸಲ ಒಂದೇ ಜಾಗಕ್ಕೆ ಚೆಲ್ಲುವುದಿಲ್ಲ. ಅಳಿಸಿಬಿಡಲೇ — ತಡಿ, ಆ ಜಾಗ, ನಮ್ಮ ಮನೆಯ ಕುಣಿಯಿಂದ ಏಳುವಾಗ ಅಪ್ಪ ಎಡಗೈ ಊರುತ್ತಿದ್ದ ಜಾಗ, ಅವನಿಗಿಂತ ಮೊದಲು ವಿಠೋಬಾ ಅಜ್ಜ ಊರುತ್ತಿದ್ದ, ನೂಲಿಗೆ ಹಚ್ಚುವ ಗಂಜಿ, ಎಣ್ಣೆ, ಬೆವರು ಸೇರಿ ಗೋಡೆ ಅಲ್ಲಿ ಕಂದಾಗಿ ಹೊಳೆಯುತ್ತಿತ್ತು. ಮಗ್ಗ ಮಾರಿದ ಮೇಲೆ ಕುಣಿ ಬಾಯಿ ತೆರೆದುಕೊಂಡೇ ಇತ್ತು, ಗೆಳತ್ಯಾರು ಬರತಾರ, ಇದನ್ನ ಮುಚ್ಚಸಪ್ಪಾ, ಗ್ವಾಡಿಗೂ ಬಣ್ಣ ಹೊಡಸು ಅಂದವಳು ನಾನು, ಆತವ್ವಾ ಅಂದ, ಮರುದಿನವೇ ಕುಣಿ ಮುಚ್ಚಿ ಫರ್ಸಿ ಕಲ್ಲು ಹಾಕಿಸಿದ, ಗೋಡೆಗೆ ನೀಲಿ ಹೊಡೆಸಿದ. ಆ ಕಲೆ ನಮ್ಮ ಮನೆಯವರಿಗಲ್ಲದೆ ಇನ್ನಾರಿಗೂ ಗೊತ್ತಿಲ್ಲ.

ದೊಡ್ಡದು ಮಾಡುತ್ತೇನೆ, ಇನ್ನೂ, ಪರದೆ ತುಂಬ — ಕುಂಚದಿಂದ ಬರೆದದ್ದಲ್ಲ ಇದು, ಹೆಬ್ಬೆರಳು ಒತ್ತಿದ್ದು, ಅಂಚಿನಲ್ಲಿ ಗೆರೆ, ನಡುವೆ ಗೆರೆಯೇ ಇಲ್ಲ, ನುಣ್ಣಗೆ. ನೂಲು ತಿಕ್ಕಿ ತಿಕ್ಕಿ ಸವೆದ ಅಪ್ಪನ ಹೆಬ್ಬೆರಳು, ರೇಷನ್ ಅಂಗಡಿಯ ಮಷಿನ್ ಪ್ರತಿ ತಿಂಗಳೂ ಒಲ್ಲೆ ಎನ್ನುತ್ತದೆ, ತಗೋವಲ್ದು, ಇನ್ನೊಮ್ಮೆ ಒತ್ರಿ ಕಾಕಾ, ಇನ್ನೊಮ್ಮೆ, ಅನ್ನುತ್ತಾನೆ ಅಂಗಡಿಯವ, ಸಾಲಿನಲ್ಲಿ ಹಿಂದೆ ನಿಂತವರು ನಗುತ್ತಾರೆ, ನಾನು ಅವನ ಮಗಳೇ ಅಲ್ಲವೆಂಬಂತೆ ದೂರ ನಿಂತಿರುತ್ತೇನೆ. ಮಗ್ಗ ಬಲ್ಲವರನ್ನು ಹುಡುಕುತ್ತ ನಂದೀಶ ಅಪ್ಪನ ಬಟ್ಟೆ ಅಂಗಡಿಗೆ ಹೋಗಿರಬೇಕು, ಅಪ್ಪ ಅವನ ಪಕ್ಕ ಕೂತು ನಮ್ಮ ಮನೆಯನ್ನೇ ಬರೆಸಿದ್ದಾನೆ, ಆಕಿಗೆ ಹೇಳಬ್ಯಾಡಪಾ, ಆಕಿಗೆ ಇದು ಸೇರಂಗಿಲ್ಲ ಅಂದಿರಬೇಕು. ನಾಚಿಕೆಯಾಗುತ್ತಿದೆ ನನಗೆ, ನಂದೀಶನ ಮುಂದೆಯೂ, ಅಪ್ಪನ ಮುಂದೆಯೂ. ನಾಲ್ಕಾಗಲು ಹತ್ತು ನಿಮಿಷ, ಫಾರಂನಲ್ಲಿ ಎರಡೇ ಹೆಸರಿಗೆ ಜಾಗ, ಮೂರನೆಯದನ್ನು, ಅಪ್ಪನದನ್ನು, ಎಲ್ಲಿ ಬರೆಯಲಿ, ಪೆನ್ನು — ಇನ್ನೊಮ್ಮೆ ಒತ್ರಿ ಕಾಕಾ — ಗೋಡೆ, ಕಂದು ಬಣ್ಣ, ನಡುವೆ ಗೆರೆಯಿಲ್ಲದ ಆ ಹೆಬ್ಬೆರಳು —